ತಕ್ಕದ್ದು

ಗದುಗಿನ ಕಚೇರಿ ಎದುರು, ಬೇವಿನ ಬುಡಕ್ಕೆ ನನ್ನ ಮೇಜು.
ಮೊದಲು ಟೈಪ್‌ರೈಟರ್ ಇತ್ತು, ಈಗ ಮಗಳ ಹಳೆ ಲ್ಯಾಪ್‌ಟಾಪು.
ಪ್ರಿಂಟರಿಗೆ ಕರೆಂಟು ಪಕ್ಕದ ಝೆರಾಕ್ಸಿನವನದು,
ಪುಟಕ್ಕೊಂದು ರೂಪಾಯಿ ಅವನಿಗೆ.

ಚಳಿ ಬಿದ್ದು, ಪೇಪರಿನ ಮೂಲೆಯಲ್ಲಿ
ದರ ಏರಿಕೆಯ ಪ್ರಕಟಣೆ ಸಣ್ಣಕ್ಷರದಲ್ಲಿ ಬಂದ ಮರುದಿನ
ಬೆಟಗೇರಿಯಿಂದ ಬರುತ್ತಿದ್ದ ವಿಠ್ಠಲಸಾ ಬಾಕಳೆ.
ನಾಲ್ಕು ಪವರ್‌ಲೂಮಿನ ಸದ್ದಿನೊಳಗೆ ಬೆಳೆದ ಗಂಟಲು;
ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳಬೇಕು.
"ಹಾಕ್ರಿ ಅಣ್ಣಿಗೇರಿಯವರ:
ಮಾನ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕ..."

ಹತ್ತೊಂಬತ್ತು ವರ್ಷ ಹಾಕಿದೆ.
ಆರು ಪ್ರತಿ, ಅಫಿಡವಿಟ್ಟು, ನೋಟರಿಯ ಕೆಂಪು ಸೀಲು.

ಒಮ್ಮೆ ನನ್ನನ್ನೂ ಕರೆದೊಯ್ದ, ನವನಗರದ ವಿಚಾರಣೆಗೆ.
ಮೇಲೆ ಮೂವರು, ಮೂರು ನೀರಿನ ಬಾಟಲಿ.
ಕಂಪನಿಯ ದೊಡ್ಡ ಸಾಹೇಬರು ಆವತ್ತು ಕೆಳಗೆ,
ನಮ್ಮಂಥದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ,
ಕೇಳಿದ್ದಕ್ಕೆ ಎದ್ದುನಿಂತು ಉತ್ತರ ಹೇಳುತ್ತ.
ಅದನ್ನು ನೋಡಲಿಕ್ಕೇ ಹುಬ್ಬಳ್ಳಿಯ ಬಸ್‌ಚಾರ್ಜು ಕೊಡಬಹುದಿತ್ತು.

ವಿಠ್ಠಲಸಾನ ಸರದಿ. ಮೈಕು ಬೇಡವೆಂದ.
"ತಂತಿ ಜೋತದ್ದು ನಿಮ್ಮದು, ಸೋರಿದ ಕರೆಂಟು ನಿಮ್ಮದು,
ಆ ಲುಕ್ಸಾನ ನನ್ನ ಸೀರಿ ಸೆರಗಿಗೆ ಯಾಕ ಕಟ್ಟತೀರಿ?"
ಎಷ್ಟು ತಾಸು ಹೋಗುತ್ತದೆ ಎಂದರು ನಡುವೆ ಕೂತವರು.
ಚೀಲದಿಂದ ಹೊರಬಂತು ಗೋಡೆಯ ಕ್ಯಾಲೆಂಡರು.
ಏಕಾದಶಿ, ಅಮಾವಾಸ್ಯೆ, ಹಾಲಿನ ಲೆಕ್ಕದ ಪಕ್ಕದಲ್ಲಿ
ಸೊಸೆ ಕಸ್ತೂರಿಬಾಯಿಯ ಪೆನ್ಸಿಲ್ಲು:
ಹೋದದ್ದು, ಬಂದದ್ದು, ಹನ್ನೆರಡು ತಿಂಗಳು.
ಅವರು ಕನ್ನಡಕ ಏರಿಸಿ, ಹಾಳೆ ತಿರುವಿ ತಿರುವಿ ಓದಿದರು.

ಯುನಿಟ್ಟಿಗೆ ಎಂಟು ಪೈಸೆ ಇಳಿಯಿತು.
ಆದೇಶದ ಪುಟ ಇನ್ನೂರ ಹದಿಮೂರರಲ್ಲಿ ಅವನ ಹೆಸರು,
'ಬಾಕಳೆ' ಹೋಗಿ 'ಬಾಕಲೆ' ಆಗಿತ್ತು, ಇರಲಿ.
ಸ್ಟೇಶನ್ ರೋಡಿನಲ್ಲಿ ಓಣಿಗೆಲ್ಲ ಬದನೆಕಾಯಿ ಬಜ್ಜಿ ಕೊಡಿಸಿದ.
ಎಂಟು ಪೈಸೆಯ ಒಂದು ವರ್ಷದ ಉಳಿತಾಯ
ಆ ಸಂಜೆಯೇ ಎಣ್ಣೆಯಲ್ಲಿ ಕರಿದು ಮುಗಿಯಿತು.

ಈಗ ತಿದ್ದುಪಡಿ ಬಂದಿದೆ.
ಗದ್ದಲದ ನಡುವೆ, ಊಟದ ಹೊತ್ತಿಗೆ, ಧ್ವನಿಮತದಿಂದ.
(ಯಾರ ಧ್ವನಿ? ವಿಠ್ಠಲಸಾ ಅಲ್ಲಿರಲಿಲ್ಲ,
ಇದ್ದಿದ್ದರೆ ಕೇಳಿಸುತ್ತಿತ್ತು.)
ವಕೀಲರ ಹುಡುಗ ತಂದ ಪ್ರತಿಯನ್ನು
ಟೈಪಿಸ್ಟನ ಕಣ್ಣಿನಿಂದ, ತಪ್ಪು ಹುಡುಕುತ್ತ ಓದಿದೆ.

"ಆಯೋಗವು ದರವನ್ನು ನಿಗದಿಪಡಿಸತಕ್ಕದ್ದು" ಎಂಬ ಪದಗಳಿಗೆ ಬದಲಾಗಿ
"ಆಯೋಗವು ಸರ್ಕಾರಕ್ಕೆ ಸಲಹೆ ನೀಡಬಹುದು" ಎಂಬ ಪದಗಳನ್ನು
ಪ್ರತಿಸ್ಥಾಪಿಸತಕ್ಕದ್ದು.

ತಪ್ಪು ಒಂದೂ ಇರಲಿಲ್ಲ.
ಒಂದು ತಕ್ಕದ್ದನ್ನು ಎಬ್ಬಿಸಿ ಕಳಿಸಲು
ಇನ್ನೊಂದು ತಕ್ಕದ್ದನ್ನೇ ಕರೆಸಿದ್ದರು.

ಬಹುದು ನನಗೆ ಹೊಸತಲ್ಲ.
ಪಿಂಚಣಿ ಬರಬಹುದು, ಸಾಹೇಬರು ನಾಳೆ ಸಿಗಬಹುದು,
ಫೋನು ಮಾಡಿದರೆ ಲೈನ್‌ಮನ್ನನ ಬಾಯಲ್ಲೂ ಅದೇ, ಬರಬಹುದು.
ಈ ಮೇಜಿನ ಕಾಲು ಎಷ್ಟೋ ವರ್ಷದಿಂದ ಊರಿರುವುದು
ಅದರ ಮೇಲೆಯೇ.
ತಕ್ಕದ್ದು ಮಾತ್ರ ಅಪರೂಪ;
ಟೈಪು ಮಾಡುವಾಗ ಆ ಎರಡು ಒತ್ತಿಗೆ
ಬೆರಳು ಸ್ವಲ್ಪ ಜೋರು ಬೀಳುತ್ತಿತ್ತು,
ಕಾರ್ಬನ್ನಿನ ಆರನೇ ಹಾಳೆಗೂ ಇಳಿಯಲಿ ಎಂದು.

ಈ ಚಳಿಗೆ ಪ್ರಕಟಣೆ ಬರಲಿಲ್ಲ.
ವಿಠ್ಠಲಸಾ ಬಂದ, ಬಗಲಲ್ಲಿ ಕ್ಯಾಲೆಂಡರಿನ ಸುರುಳಿ.
ಎಲ್ಲ ಬಿಡಿಸಿ ಹೇಳಿದೆ. ಬೇವಿನ ಕಟ್ಟೆಗೆ ಕೂತು
ಬಹಳ ಹೊತ್ತು ಒಂದು ಎಳೆ ಹೊಸೆಯುತ್ತಿದ್ದ.
"ಅವರು ಓದಬಹುದೇನ್ರಿ?"
"ಓದಬಹುದು."
"ಹಂಗಾರ ಹಾಕ್ರಿ."

ಮೂರು ಪುಟ ಬಂದವು. ನಾಲ್ಕನೆಯದು ಅರ್ಧ ಹೊರಬಂದು
ಪ್ರಿಂಟರಿನ ಬಾಯಲ್ಲೇ ನಿಂತಿತು.
ಝೆರಾಕ್ಸಿನವ ಒಳಗಿಂದ ಕೂಗಿದ: "ಹೋತು!"

ವಿಠ್ಠಲಸಾ ಸುರುಳಿ ಬಿಚ್ಚಿದ, ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದ.
"ಎಷ್ಟಾತ್ರಿ ಟೈಮು?"
"ಮೂರೂ ನಲವತ್ತು."
ಬರೆದುಕೊಂಡ.